ಕ್ಷ-ಕಿರಣಗಳ ಆಕಾಶದಲ್ಲಿ ಕಪ್ಪು ದ್ರವ್ಯದ ಶೋಧ

ರೋಹಿತದಲ್ಲಿ ಹಿಂದೆ ಕಾಣದಿದ್ದ ಒಂದು ರೇಖೆ ಕಂಡುಬಂದಾಗ ಭೌತವಿಜ್ಞಾನಿಯ ಮುಂದೆ ಎರಡು ಪ್ರಶ್ನೆಗಳು ನಿಲ್ಲುತ್ತವೆ. ಇದು ಹೊಸದೊಂದು ವಸ್ತುವಿನ ಗುರುತೇ? ಅಥವಾ ನಮಗೆ ಪರಿಚಿತವಾದ ವಸ್ತುವೇ ಅಪರಿಚಿತವಾದ ಪರಿಸ್ಥಿತಿಯಲ್ಲಿ ಹೊರಸೂಸಿದ ಬೆಳಕೇ? ವಿಜ್ಞಾನದ ಇತಿಹಾಸದಲ್ಲಿ ಎರಡು ಬಗೆಯ ಉತ್ತರಗಳಿಗೂ ನಿದರ್ಶನಗಳುಂಟು.

1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣದ ನೆರಳು ನಮ್ಮ ದೇಶದ ಮೇಲೆ ಹಾದುಹೋಯಿತು. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಅವರೂ, ನಮ್ಮ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಅವರೂ ರೋಹಿತದರ್ಶಕವನ್ನು ಹಿಡಿದು ಕಾದಿದ್ದು, ಸೂರ್ಯನ ಅಂಚಿನಿಂದ ಚಿಮ್ಮುವ ಜ್ವಾಲೆಗಳ ಬೆಳಕಿನಲ್ಲಿ ಪ್ರಕಾಶಮಾನವಾದ ರೇಖೆಗಳನ್ನು ಕಂಡರು. ಅವುಗಳಲ್ಲಿ ಹಳದಿ ಬಣ್ಣದ ಒಂದು ರೇಖೆಯನ್ನು ಮೊದಮೊದಲು ಸೋಡಿಯಮ್ಮಿನದೆಂದೇ ಭಾವಿಸಲಾಯಿತು. ಅದೇ ವರ್ಷ ಇಂಗ್ಲೆಂಡಿನ ಲಾಕಿಯರ್ ಅದರ ಸ್ಥಾನವನ್ನು ಎಚ್ಚರಿಕೆಯಿಂದ ಅಳೆದರು. ಅದು ಸೋಡಿಯಮ್ಮಿನ ರೇಖೆಗಳೊಡನೆ ಕೂಡಲಿಲ್ಲ. ಭೂಮಿಯ ಮೇಲೆ ಆಗ ಯಾರೂ ಅರಿಯದಿದ್ದ ಧಾತುವೊಂದು ಸೂರ್ಯನಲ್ಲಿದೆ ಎಂಬ ಊಹೆ ಹುಟ್ಟಿತು. ಆ ಧಾತುವಿಗೆ ಹೀಲಿಯಮ್ ಎಂದು ಹೆಸರಾಯಿತು. 1895ರಲ್ಲಿ ರಾಮ್ಸೆ ಅವರು ಯುರೇನಿಯಮ್ ಇರುವ ಒಂದು ಖನಿಜದಿಂದ ಅದೇ ಅನಿಲವನ್ನು ಹೊರತೆಗೆದಾಗ ಊಹೆಯು ನಿಜವಾಯಿತು.

ಇನ್ನೊಂದು ಕಥೆಯ ಅಂತ್ಯ ಬೇರೆ. 1864ರಲ್ಲಿ ಹಗಿನ್ಸ್ ಅವರು ಒಂದು ನೀಹಾರಿಕೆಯ ಬೆಳಕಿನಲ್ಲಿ ಹಸಿರು ರೇಖೆಗಳನ್ನು ಕಂಡರು. ಅವು ತಿಳಿದಿದ್ದ ಯಾವ ಧಾತುವಿಗೂ ಸಲ್ಲಲಿಲ್ಲವಾಗಿ, ಮುಂದೆ ನೆಬ್ಯುಲಿಯಮ್ ಎಂಬ ಹೊಸ ಧಾತುವನ್ನು ಕಲ್ಪಿಸಲಾಯಿತು. ಆರು ದಶಕಗಳ ತರುವಾಯ, 1927ರಲ್ಲಿ, ಅಮೆರಿಕದ ಬೋವೆನ್ ಅವರು ಆ ರೇಖೆಗಳು ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಸಾಮಾನ್ಯ ಆಮ್ಲಜನಕದವೆಂದು ತೋರಿಸಿಕೊಟ್ಟರು. ನೀಹಾರಿಕೆಯಲ್ಲಿ ಅನಿಲವು ಅತ್ಯಂತ ವಿರಳವಾಗಿರುವುದರಿಂದ, ನಮ್ಮ ಪ್ರಯೋಗಶಾಲೆಗಳಲ್ಲಿ ಕಾಣಸಿಗದ ರೇಖೆಗಳು ಅಲ್ಲಿ ಉಜ್ವಲವಾಗಿ ಕಾಣುತ್ತವೆ. ನೆಬ್ಯುಲಿಯಮ್ ಎಂಬ ಧಾತು ಇರಲೇ ಇಲ್ಲ.

ಈ ಎರಡು ಕಥೆಗಳನ್ನು ನೆನಪಿನಲ್ಲಿಟ್ಟುಕೊಂಡು ನಮ್ಮ ಕಾಲದ ಒಂದು ರೇಖೆಯನ್ನು ಪರಿಶೀಲಿಸೋಣ. ಅದು ಕಂಡುದು ಕಣ್ಣಿಗೆ ಗೋಚರವಾಗುವ ಬೆಳಕಿನಲ್ಲಿ ಅಲ್ಲ, ಕ್ಷ-ಕಿರಣಗಳಲ್ಲಿ. ಅದರಿಂದ ತಿಳಿಯಬಹುದೆಂದು ಆಶಿಸಿದುದು ಒಂದು ಹೊಸ ಧಾತುವನ್ನಲ್ಲ, ವಿಶ್ವದ ದ್ರವ್ಯದ ಬಹುಭಾಗವಾಗಿರುವ ಕಪ್ಪು ದ್ರವ್ಯದ ಸ್ವರೂಪವನ್ನೇ.

ಕಾಣದ ದ್ರವ್ಯ

ಕಪ್ಪು ದ್ರವ್ಯದ ಕಲ್ಪನೆ ಹುಟ್ಟಿದುದು ಗುರುತ್ವಾಕರ್ಷಣದ ಲೆಕ್ಕದಿಂದ. ಸೂರ್ಯನಿಂದ ದೂರ ಸರಿದಂತೆಲ್ಲ ಗ್ರಹಗಳ ವೇಗ ಕುಗ್ಗುತ್ತದೆ. ಭೂಮಿಯ ವೇಗ ಸೆಕೆಂಡಿಗೆ ಸುಮಾರು 30 ಕಿಲೋಮೀಟರು. ಅದರ ಮೂವತ್ತು ಪಟ್ಟು ದೂರದಲ್ಲಿರುವ ನೆಪ್ಚೂನಿನ ವೇಗ ಸುಮಾರು 5.4 ಕಿಲೋಮೀಟರು. ಆಕರ್ಷಿಸುವ ದ್ರವ್ಯವೆಲ್ಲ ನಡುವೆಯೇ ಇರುವ ವ್ಯವಸ್ಥೆಯಲ್ಲಿ ಹೀಗೆಯೇ ಆಗಬೇಕು.

ಗ್ಯಾಲಕ್ಸಿ ಎಂದರೆ ಕೋಟ್ಯಂತರ ನಕ್ಷತ್ರಗಳ ಮಹಾಸಮೂಹ. ನಮ್ಮ ಆಕಾಶಗಂಗೆಯೂ, ನೆರೆಯ ಆಂಡ್ರೊಮೀಡವೂ ಇಂತಹ ಸಮೂಹಗಳು. 1970ರಲ್ಲಿ ವೀರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಅವರು ಆಂಡ್ರೊಮೀಡದಲ್ಲಿ ಕೇಂದ್ರದಿಂದ ಬೇರೆ ಬೇರೆ ದೂರಗಳಲ್ಲಿರುವ ಅನಿಲದ ವೇಗವನ್ನು ಅಳೆದರು. ಹೊರ ಅಂಚಿನತ್ತ ಹೋದರೂ ವೇಗ ನಿರೀಕ್ಷೆಯಂತೆ ಕುಗ್ಗಲಿಲ್ಲ. ನಕ್ಷತ್ರಗಳ ಬೆಳಕು ಮುಗಿಯುವಲ್ಲಿ ದ್ರವ್ಯವು ಮುಗಿಯುವುದಿಲ್ಲ ಎಂಬುದೇ ಇದರ ಅರ್ಥ. ಅದಕ್ಕೂ ಮೊದಲು, 1933ರಲ್ಲಿ, ಫ್ರಿಟ್ಸ್ ಝ್ವಿಕ್ಕಿ ಅವರು ಕೋಮಾ ಎಂಬ ಗ್ಯಾಲಕ್ಸಿ ಗುಚ್ಛವನ್ನು ಅಧ್ಯಯನ ಮಾಡಿ, ಅದರೊಳಗಿನ ಗ್ಯಾಲಕ್ಸಿಗಳು ಬಹು ವೇಗವಾಗಿ ಚಲಿಸುತ್ತಿವೆಯೆಂದೂ, ಕಾಣುವ ದ್ರವ್ಯದ ಆಕರ್ಷಣೆಯೊಂದೇ ಅವುಗಳನ್ನು ಚದರಿಹೋಗದಂತೆ ಹಿಡಿದಿಡಲಾರದೆಂದೂ ಹೇಳಿದ್ದರು.

ಇಂದಿನ ಅಳತೆಗಳ ಪ್ರಕಾರ ವಿಶ್ವದ ಒಟ್ಟು ದ್ರವ್ಯದ ಆರು ಪಾಲುಗಳಲ್ಲಿ ಸುಮಾರು ಐದು ಪಾಲು ಕಪ್ಪು ದ್ರವ್ಯ. ‘ಕಪ್ಪು’ ಎಂಬ ವಿಶೇಷಣ ಇಲ್ಲಿ ಸ್ವಲ್ಪ ದಾರಿತಪ್ಪಿಸುವಂತಹುದು. ಇದ್ದಿಲು ಕಪ್ಪಗಿರುವುದು ಅದು ಬೆಳಕನ್ನು ಹೀರುವುದರಿಂದ. ಈ ದ್ರವ್ಯವಾದರೋ ಬೆಳಕನ್ನು ಹೀರುವುದೂ ಇಲ್ಲ, ಚೆದರಿಸುವುದೂ ಇಲ್ಲ. ಅದು ಇದ್ದಿಲಿಗಿಂತ ಶುಭ್ರವಾದ ಗಾಜಿಗೆ ಹೆಚ್ಚು ಹತ್ತಿರ. ಅದರ ತೂಕ ಮಾತ್ರ ನಮಗೆ ತಿಳಿಯುತ್ತದೆ. ಅದು ಯಾವ ಕಣಗಳಿಂದಾಗಿದೆ ಎಂಬುದು ತಿಳಿಯದು.

ಕ್ಷ-ಕಿರಣಗಳನ್ನೇಕೆ ಹುಡುಕಬೇಕು?

ಬೆಳಕಿಗೆ ಸ್ಪಂದಿಸದ ದ್ರವ್ಯವನ್ನು ಕಿರಣಗಳ ಮೂಲಕ ಹುಡುಕುವುದು ವಿಚಿತ್ರವೆಂದು ತೋರಬಹುದು. ಇದಕ್ಕೆ ಆಧಾರ ನ್ಯೂಟ್ರಿನೊ. ನ್ಯೂಟ್ರಿನೊ ಎಂಬುದು ವಿದ್ಯುದಂಶವಿಲ್ಲದ, ದ್ರವ್ಯವನ್ನು ಭೇದಿಸಿಕೊಂಡು ನಿರಾತಂಕವಾಗಿ ಹಾದುಹೋಗುವ ಕಣ. ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತನ್ನು 1965ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ಕಾಣಲಾಯಿತೆಂಬುದನ್ನು ವಾಚಕರು ಕೇಳಿರಬಹುದು. ಈಗ ತಿಳಿದಿರುವ ಮೂರು ಬಗೆಯ ನ್ಯೂಟ್ರಿನೊಗಳಿಗೂ ದ್ರವ್ಯರಾಶಿ ತೀರ ಅಲ್ಪ. ಅವು ಬಹು ವೇಗವಾಗಿ ಓಡುವುದರಿಂದ ಗ್ಯಾಲಕ್ಸಿಗಳನ್ನು ಕಟ್ಟಿಹಿಡಿಯುವ ದ್ರವ್ಯವಾಗಲಾರವು.

ಆದರೆ ಇವುಗಳಿಗಿಂತ ಭಾರವಾದ, ಇವುಗಳಿಗಿಂತಲೂ ನಿರ್ಲಿಪ್ತವಾದ ನಾಲ್ಕನೆಯ ಬಗೆಯೊಂದು ಇರಬಹುದೆಂದು ಸಿದ್ಧಾಂತಿಗಳು ಊಹಿಸಿದ್ದಾರೆ. ಅದನ್ನು ನಿಷ್ಕ್ರಿಯ ನ್ಯೂಟ್ರಿನೊ ಎನ್ನೋಣ. ಕೆಲವು ಕಿಲೋ ಎಲೆಕ್ಟ್ರಾನ್ ವೋಲ್ಟುಗಳಷ್ಟು ದ್ರವ್ಯರಾಶಿಯುಳ್ಳ ಇಂತಹ ಕಣಗಳೇ ಕಪ್ಪು ದ್ರವ್ಯವಾಗಿರಬಹುದೆಂದು 1994ರಲ್ಲಿ ಡೋಡೆಲ್ಸನ್ ಮತ್ತು ವಿಡ್ರೊ ಅವರು ಸೂಚಿಸಿದರು. ಎಲೆಕ್ಟ್ರಾನಿನ ದ್ರವ್ಯರಾಶಿ 511 ಕಿಲೋ ಎಲೆಕ್ಟ್ರಾನ್ ವೋಲ್ಟ್ ಎಂಬುದನ್ನು ನೆನೆದರೆ, ಈ ಕಣ ಎಷ್ಟು ಹಗುರವೆಂಬುದು ಮನವರಿಕೆಯಾಗುತ್ತದೆ.

ಇಂತಹ ಕಣ ಸಂಪೂರ್ಣ ಶಾಶ್ವತವಲ್ಲ. ಬಹು ಅಪರೂಪವಾಗಿ ಅದು ಕ್ಷಯಿಸಿ, ಒಂದು ಸಾಮಾನ್ಯ ನ್ಯೂಟ್ರಿನೊ ಮತ್ತು ಒಂದು ಫೋಟಾನ್ ಆಗಿ ಒಡೆಯಬೇಕು. ನಿಂತಿರುವ ಕಣವೊಂದು ಎರಡಾಗಿ ಒಡೆದಾಗ, ಸಂವೇಗ ಸಂರಕ್ಷಣೆಯ ನಿಯಮದಂತೆ ಎರಡು ತುಂಡುಗಳೂ ಸಮಾನ ಸಂವೇಗದಿಂದ ವಿರುದ್ಧ ದಿಕ್ಕುಗಳಿಗೆ ಹಾರುತ್ತವೆ. ಇಲ್ಲಿ ಎರಡೂ ಬಹುಮಟ್ಟಿಗೆ ಬೆಳಕಿನ ವೇಗದಲ್ಲೇ ಚಲಿಸುವುದರಿಂದ ಶಕ್ತಿಯು ಸಮನಾಗಿ ಹಂಚಿಕೆಯಾಗುತ್ತದೆ. ಎಂದರೆ ಫೋಟಾನಿನ ಶಕ್ತಿ ಮೂಲಕಣದ ದ್ರವ್ಯರಾಶಿಯ ಸರಿ ಅರ್ಧ. ಕಣದ ದ್ರವ್ಯರಾಶಿ 7 ಕಿಲೋ ಎಲೆಕ್ಟ್ರಾನ್ ವೋಲ್ಟ್ ಆಗಿದ್ದರೆ ಫೋಟಾನಿನ ಶಕ್ತಿ 3.5. ಇದು ಕ್ಷ-ಕಿರಣಗಳ ವ್ಯಾಪ್ತಿಗೆ ಸೇರಿದುದು. ಎಲ್ಲ ಕಣಗಳೂ ಒಂದೇ ದ್ರವ್ಯರಾಶಿಯವಾದುದರಿಂದ ಎಲ್ಲ ಫೋಟಾನುಗಳೂ ಒಂದೇ ಶಕ್ತಿಯವಾಗಿರಬೇಕು. ಆದುದರಿಂದ ರೋಹಿತದಲ್ಲಿ ಕಿರಿದಾದ ಒಂದು ರೇಖೆ ಮೂಡಬೇಕು.

ಒಂದು ಸರಳವಾದ ಲೆಕ್ಕ

ಆ ರೇಖೆ ಎಷ್ಟು ಪ್ರಬಲವಾಗಿರಬಹುದು? ಕಣದ ದ್ರವ್ಯರಾಶಿಯನ್ನು 7.1 ಕಿಲೋ ಎಲೆಕ್ಟ್ರಾನ್ ವೋಲ್ಟ್ ಎಂದೂ, ಅದರ ಸರಾಸರಿ ಆಯುಸ್ಸನ್ನು 10²⁸ ಸೆಕೆಂಡು ಎಂದೂ ಇಟ್ಟುಕೊಳ್ಳೋಣ. ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷ, ಎಂದರೆ 4.4 × 10¹⁷ ಸೆಕೆಂಡು. ಕಣದ ಆಯುಸ್ಸು ಇದರ ಎರಡು ಸಾವಿರ ಕೋಟಿ ಪಟ್ಟಿಗೂ ಹೆಚ್ಚು. ಹೀಗಿದ್ದಮೇಲೆ ಕ್ಷಯವನ್ನು ಕಾಣುವ ಬಗೆ ಹೇಗೆ?

ಯುರೇನಿಯಮ್ಮಿನ ಉದಾಹರಣೆಯನ್ನು ನೋಡಿರಿ. ಯುರೇನಿಯಮ್-238ರ ಅರ್ಧಾಯುಸ್ಸು ಸುಮಾರು 450 ಕೋಟಿ ವರ್ಷ. ಆದರೂ ಅದರ ಒಂದು ಗ್ರಾಮಿನಲ್ಲಿ ಪ್ರತಿ ಸೆಕೆಂಡಿಗೂ ಹನ್ನೆರಡು ಸಾವಿರಕ್ಕೂ ಹೆಚ್ಚು ಪರಮಾಣುಗಳು ಕ್ಷಯಿಸುತ್ತವೆ. ಒಂದು ಕಣಕ್ಕಾಗಿ ಕಾಯುವ ಬದಲು ಅಸಂಖ್ಯಾತ ಕಣಗಳನ್ನು ಒಟ್ಟಿಗೆ ನೋಡಿದರೆ ಅಪರೂಪದ ಘಟನೆಯೂ ದಿನನಿತ್ಯದ್ದಾಗುತ್ತದೆ.

ನಮ್ಮ ಕಣದ ದ್ರವ್ಯರಾಶಿ 1.26 × 10⁻³² ಕಿಲೋಗ್ರಾಮು. ಒಂದು ಕಿಲೋಗ್ರಾಮು ಕಪ್ಪು ದ್ರವ್ಯದಲ್ಲಿ ಸುಮಾರು 8 × 10³¹ ಕಣಗಳು. ಇದನ್ನು ಆಯುಸ್ಸಿನಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 8,000 ಕ್ಷಯಗಳು. ಆದರೆ ಆ ಒಂದು ಕಿಲೋಗ್ರಾಮನ್ನು ಕೂಡಿಸುವುದೇ ಕಷ್ಟ. ಸೂರ್ಯನ ಆಸುಪಾಸಿನಲ್ಲಿ ಕಪ್ಪು ದ್ರವ್ಯ ಎಷ್ಟು ವಿರಳವೆಂದರೆ, ಇಡೀ ಭೂಮಿಯಷ್ಟು ಗಾತ್ರದ ಅವಕಾಶದಲ್ಲಿ ಅದರ ಮೊತ್ತ ಒಂದು ಕಿಲೋಗ್ರಾಮಿಗೂ ಕಡಿಮೆ. ಆದುದರಿಂದ ಪ್ರಯೋಗಶಾಲೆಯಲ್ಲಿ ಈ ಕ್ಷಯವನ್ನು ಕಾಣುವ ಆಸೆಯನ್ನು ಬಿಟ್ಟು ಗ್ಯಾಲಕ್ಸಿಗಳತ್ತ ನೋಡಬೇಕು.

ಆಂಡ್ರೊಮೀಡದ ಮಧ್ಯಭಾಗದಲ್ಲಿ ದೂರದರ್ಶಕದ ದೃಷ್ಟಿಗೆ 3 × 10¹⁰ ಸೂರ್ಯರಷ್ಟು ಕಪ್ಪು ದ್ರವ್ಯ ಸಿಗುವುದೆಂದು ಇಟ್ಟುಕೊಳ್ಳೋಣ. ಅದು 6 × 10⁴⁰ ಕಿಲೋಗ್ರಾಮು. ಅದರಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 4.8 × 10⁴⁴ ಕ್ಷಯಗಳಾಗುತ್ತವೆ. ಆಂಡ್ರೊಮೀಡದ ದೂರ ಸುಮಾರು 25 ಲಕ್ಷ ಜ್ಯೋತಿರ್ವರ್ಷ, ಎಂದರೆ 2.4 × 10²² ಮೀಟರು. ಅಷ್ಟು ತ್ರಿಜ್ಯದ ಗೋಳದ ಮೇಲ್ಮೈ 7.2 × 10⁴⁵ ಚದರ ಮೀಟರು. ಭಾಗಿಸಿದರೆ, ನಮ್ಮ ಬಳಿ ಒಂದು ಚದರ ಮೀಟರಿಗೆ ಬೀಳುವುದು ಸೆಕೆಂಡಿಗೆ 0.067 ಫೋಟಾನು. ದೂರದರ್ಶಕದ ಸಂಗ್ರಾಹಕ ವಿಸ್ತೀರ್ಣ ಚದರ ಮೀಟರಿನ ಹತ್ತನೆಯ ಒಂದು ಪಾಲಾದರೆ, ಎರಡೂವರೆ ನಿಮಿಷಕ್ಕೆ ಒಂದು ಫೋಟಾನು. ದಿನವೊಂದಕ್ಕೆ ಸುಮಾರು 580.

ಇದು ಕೈಗೆಟುಕದ ಸಂಖ್ಯೆಯೇನೂ ಅಲ್ಲ. ತೊಡಕು ಇರುವುದು ಇದೇ ಅವಧಿಯಲ್ಲಿ ಬಿಸಿ ಅನಿಲದಿಂದಲೂ, ದೂರದ ಕ್ಷ-ಕಿರಣ ಆಕರಗಳಿಂದಲೂ, ಉಪಕರಣದ ಲೋಹಕ್ಕೆ ವಿಶ್ವಕಿರಣಗಳು ಬಡಿಯುವುದರಿಂದಲೂ ಹುಟ್ಟಿ ಬರುವ ಫೋಟಾನುಗಳ ಗುಂಪಿನಲ್ಲಿ ಈ ಕೆಲವು ನೂರನ್ನು ಗುರುತಿಸುವುದರಲ್ಲಿ.

ಕ್ಷ-ಕಿರಣ ದೂರದರ್ಶಕಗಳು

ಆಕಾಶದಿಂದ ಬರುವ ಕ್ಷ-ಕಿರಣಗಳನ್ನು ವಾಯುಮಂಡಲವು ಹೀರಿಬಿಡುವುದರಿಂದ ಅವುಗಳನ್ನು ನೋಡಲು ಮೇಲೇರಲೇಬೇಕು. 1962ರ ಜೂನಿನಲ್ಲಿ ರಿಕಾರ್ಡೊ ಜಿಯಕೋನಿ ಮತ್ತು ಸಂಗಡಿಗರು ರಾಕೆಟ್ಟಿನಲ್ಲಿ ಉಪಕರಣವನ್ನು ಕಳುಹಿಸಿ, ಸೌರವ್ಯೂಹದ ಹೊರಗಿನ ಮೊದಲ ಕ್ಷ-ಕಿರಣ ಆಕರವನ್ನು ವೃಶ್ಚಿಕ ರಾಶಿಯಲ್ಲಿ ಕಂಡರು. 1970ರಲ್ಲಿ ಕೀನ್ಯದ ಕರಾವಳಿಯಿಂದ ಹಾರಿದ ಉಹುರು ಉಪಗ್ರಹವು ಮೊಟ್ಟಮೊದಲಿಗೆ ಇಡೀ ಆಕಾಶದ ಕ್ಷ-ಕಿರಣ ಸಮೀಕ್ಷೆಯನ್ನು ನಡೆಸಿತು. 1990ರಲ್ಲಿ ರೋಸಾಟ್ ಬಂದಿತು. 1999ರಲ್ಲಿ ಎರಡು ದೊಡ್ಡ ದೂರದರ್ಶಕಗಳು ಮೇಲೇರಿದುವು: ಸುಬ್ರಹ್ಮಣ್ಯನ್ ಚಂದ್ರಶೇಖರರ ಹೆಸರನ್ನು ಹೊತ್ತ ಅಮೆರಿಕದ ಚಂದ್ರಾ, ಮತ್ತು ಯೂರೋಪಿನ ಎಕ್ಸ್‌ಎಂಎಂ-ನ್ಯೂಟನ್.

ಈ ದೂರದರ್ಶಕಗಳ ಕನ್ನಡಿಗಳು ನಮ್ಮ ಕನ್ನಡಿಗಳಂತಲ್ಲ. ನೇರವಾಗಿ ಬಿದ್ದ ಕ್ಷ-ಕಿರಣ ಕನ್ನಡಿಯೊಳಕ್ಕೆ ಹೊಕ್ಕುಬಿಡುತ್ತದೆ. ಕೆರೆಯ ನೀರಿನ ಮೇಲೆ ಓರೆಯಾಗಿ ಎಸೆದ ಕಲ್ಲು ಪುಟಿಯುವಂತೆ, ಮೇಲ್ಮೈಗೆ ಸವರಿಕೊಂಡು ಬಂದ ಕಿರಣ ಮಾತ್ರ ಪ್ರತಿಫಲಿಸುತ್ತದೆ. ಆದುದರಿಂದ ಕನ್ನಡಿಗಳನ್ನು ಕೊಳವೆಗಳ ಆಕಾರದಲ್ಲಿ ಮಾಡಿ ಒಂದರೊಳಗೊಂದನ್ನು ಇಡುತ್ತಾರೆ. ಹೀಗೆ ಕೂಡಿದ ಫೋಟಾನುಗಳ ಶಕ್ತಿಯನ್ನು ಸಂವೇದಕವು ಒಂದೊಂದಾಗಿ ಅಳೆದು ರೋಹಿತವನ್ನು ರಚಿಸುತ್ತದೆ.

2014ರ ರೇಖೆ

2014ರ ಫೆಬ್ರುವರಿಯಲ್ಲಿ ಎರಡು ತಂಡಗಳ ವರದಿಗಳು ಬೆನ್ನುಬೆನ್ನಿಗೆ ಹೊರಬಂದುವು. ಎಸ್ರಾ ಬುಲ್ಬುಲ್ ಮತ್ತು ಸಹೋದ್ಯೋಗಿಗಳು ಎಕ್ಸ್‌ಎಂಎಂ-ನ್ಯೂಟನ್ ನೋಡಿದ್ದ 73 ಗ್ಯಾಲಕ್ಸಿ ಗುಚ್ಛಗಳ ರೋಹಿತಗಳನ್ನು ಕೂಡಿಸಿದರು. ಅವರ ವಿಧಾನ ಜಾಣತನದ್ದು. ವಿಶ್ವ ಹಿಗ್ಗುತ್ತಿರುವುದರಿಂದ ಬೇರೆ ಬೇರೆ ದೂರದ ಗುಚ್ಛಗಳ ರೇಖೆಗಳು ಬೇರೆ ಬೇರೆ ಮೊತ್ತದಷ್ಟು ಕೆಂಪಿನತ್ತ ಸರಿದಿರುತ್ತವೆ. ಪ್ರತಿಯೊಂದು ರೋಹಿತವನ್ನೂ ಅದರ ಸರಿತಕ್ಕೆ ತಕ್ಕಂತೆ ಹಿಂದಕ್ಕೆ ತಂದು ಕೂಡಿಸಿದರೆ, ಗುಚ್ಛದಿಂದ ಬಂದ ರೇಖೆಗಳು ಒಂದರ ಮೇಲೊಂದು ಕೂಡಿಕೊಳ್ಳುತ್ತವೆ. ಉಪಕರಣದಲ್ಲೇ ಹುಟ್ಟಿದ ಸುಳ್ಳು ರೇಖೆಗಳು ಚದರಿ ಮಾಸಿಹೋಗುತ್ತವೆ. ಹೀಗೆ ಮಾಡಿದಾಗ 3.55 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಸಮೀಪದಲ್ಲಿ ಯಾವ ಪರಮಾಣುವಿಗೂ ಸಲ್ಲದ ಸಣ್ಣದೊಂದು ಉಬ್ಬು ಕಂಡಿತು. ಅಲೆಕ್ಸಿ ಬಯಾರ್ಸ್ಕಿ ಮತ್ತು ಸಂಗಡಿಗರಿಗೆ ಆಂಡ್ರೊಮೀಡದಲ್ಲೂ ಪರ್ಸಿಯಸ್ ಗುಚ್ಛದಲ್ಲೂ ಹೆಚ್ಚುಕಡಮೆ ಅದೇ ಸ್ಥಾನದಲ್ಲಿ ಅಂತಹುದೇ ಉಬ್ಬು ಕಂಡಿತು.

ಉಬ್ಬಿನ ಎತ್ತರ ಹಿನ್ನೆಲೆಯ ನೂರರಲ್ಲಿ ಒಂದು ಪಾಲಿನಷ್ಟು ಮಾತ್ರ. ಆದರೂ ಅದರ ಅರ್ಥ ದೊಡ್ಡದಾಗಬಹುದಾಗಿತ್ತು. ಅದು ನಿಜಕ್ಕೂ ಕಣಕ್ಷಯದ ರೇಖೆಯಾದರೆ, ಸುಮಾರು 7.1 ಕಿಲೋ ಎಲೆಕ್ಟ್ರಾನ್ ವೋಲ್ಟ್ ದ್ರವ್ಯರಾಶಿಯ ಕಣವೇ ಕಪ್ಪು ದ್ರವ್ಯವೆಂದು ನಿರ್ಧಾರವಾಗುತ್ತಿತ್ತು. ಎಂಬತ್ತು ವರ್ಷಗಳ ಒಗಟಿಗೆ ಉತ್ತರ ಸಿಕ್ಕಂತಾಗುತ್ತಿತ್ತು. ಇದು ಹೀಲಿಯಮ್ಮೋ, ನೆಬ್ಯುಲಿಯಮ್ಮೋ ಎಂಬುದೇ ಪ್ರಶ್ನೆ.

ರೇಖೆಯ ಪರೀಕ್ಷೆ

ಮೊದಲ ಸಂಶಯ ಪರಮಾಣುಗಳ ಮೇಲೆ. ಗ್ಯಾಲಕ್ಸಿ ಗುಚ್ಛಗಳಲ್ಲಿ ಕೋಟಿಗಟ್ಟಲೆ ಡಿಗ್ರಿ ಉಷ್ಣತೆಯ ಅನಿಲ ತುಂಬಿದೆ. ಆ ಉಷ್ಣತೆಯಲ್ಲಿ ಪೊಟಾಸಿಯಮ್ ತನ್ನ ಹತ್ತೊಂಬತ್ತು ಎಲೆಕ್ಟ್ರಾನುಗಳಲ್ಲಿ ಹದಿನೇಳನ್ನು ಕಳೆದುಕೊಂಡು 3.5ರ ಸಮೀಪದಲ್ಲೇ ರೇಖೆಗಳನ್ನು ಸೂಸುತ್ತದೆ. ಆರ್ಗಾನಿನ ಒಂದು ಕ್ಷೀಣವಾದ ರೇಖೆಯೂ 3.62ರಲ್ಲಿದೆ. ಎಕ್ಸ್‌ಎಂಎಂ-ನ್ಯೂಟನ್ನಿನ ಸಂವೇದಕವು ಸುಮಾರು 100 ಎಲೆಕ್ಟ್ರಾನ್ ವೋಲ್ಟಿಗಿಂತ ಹತ್ತಿರದ ರೇಖೆಗಳನ್ನು ಬೇರ್ಪಡಿಸಲಾರದು. ಅನಿಲದಲ್ಲಿ ಪೊಟಾಸಿಯಮ್ ನಾವೆಣಿಸಿದುದಕ್ಕಿಂತ ಹೆಚ್ಚಾಗಿದ್ದರೆ ಉಬ್ಬಿಗೆ ಅದೇ ಸಾಕು ಎಂದು ಟೆಸ್ಲಾ ಜೆಲ್ಟೆಮಾ ಮತ್ತು ಸ್ಟೆಫಾನೊ ಪ್ರೊಫುಮೊ ವಾದಿಸಿದರು. ಎಲೆಕ್ಟ್ರಾನುಗಳನ್ನೆಲ್ಲ ಕಳೆದುಕೊಂಡ ಗಂಧಕವು ತಣ್ಣಗಿನ ಜಲಜನಕದಿಂದ ಒಂದು ಎಲೆಕ್ಟ್ರಾನನ್ನು ಕಸಿದುಕೊಂಡಾಗಲೂ ಇದೇ ಸ್ಥಾನದ ಸುತ್ತ ಕ್ಷ-ಕಿರಣ ಹುಟ್ಟುತ್ತದೆಂದು ಬೇರೆಯವರು ತೋರಿಸಿದರು. ನೆಬ್ಯುಲಿಯಮ್ಮಿನ ಪಾಠ ಮತ್ತೆ ಎದುರಿಗೆ ಬಂದಿತು.

ಎರಡನೆಯ ಪರೀಕ್ಷೆ ಸ್ಥಳದ್ದು. ರೇಖೆಯ ಕಾರಣ ಅನಿಲವಾದರೆ ಅನಿಲವಿಲ್ಲದಲ್ಲಿ ಅದು ಇರಬಾರದು. ಕಾರಣ ಕಪ್ಪು ದ್ರವ್ಯವಾದರೆ ಕಪ್ಪು ದ್ರವ್ಯವಿರುವಲ್ಲೆಲ್ಲ, ಅದರ ಮೊತ್ತಕ್ಕೆ ತಕ್ಕಂತೆ, ಇರಲೇಬೇಕು. ಆಕಾಶಗಂಗೆಯ ನೆರೆಯಲ್ಲಿ ಡ್ರ್ಯಾಕೊ ಎಂಬ ಕುಬ್ಜ ಗ್ಯಾಲಕ್ಸಿಯಿದೆ. ಅದರಲ್ಲಿ ಬಿಸಿ ಅನಿಲವಿಲ್ಲ. ದ್ರವ್ಯದ ಬಹುಭಾಗ ಕಪ್ಪು ದ್ರವ್ಯವೇ. ಎಕ್ಸ್‌ಎಂಎಂ-ನ್ಯೂಟನ್ ಅದನ್ನು ಹದಿನಾಲ್ಕು ಲಕ್ಷ ಸೆಕೆಂಡುಗಳಷ್ಟು ದೀರ್ಘಕಾಲ ದಿಟ್ಟಿಸಿತು. 2016ರಲ್ಲಿ ಒಂದು ತಂಡವು ರೇಖೆಯಿಲ್ಲವೆಂದೂ, ಕಪ್ಪು ದ್ರವ್ಯದ ವಾದ ಬಿದ್ದುಹೋಯಿತೆಂದೂ ಹೇಳಿತು. ಅದೇ ವೀಕ್ಷಣೆಯನ್ನು ವಿಶ್ಲೇಷಿಸಿದ ಇನ್ನೊಂದು ತಂಡವು ವಾದವು ಇನ್ನೂ ಉಳಿದಿದೆಯೆಂದಿತು.

ಮೂರನೆಯ ಪರೀಕ್ಷೆ ಸೂಕ್ಷ್ಮತೆಯದು. 2016ರ ಫೆಬ್ರುವರಿ 17ರಂದು ಜಪಾನ್ ಹಿಟೊಮಿ ಎಂಬ ಉಪಗ್ರಹವನ್ನು ಹಾರಿಸಿತು. ಅದರ ಸಂವೇದಕವನ್ನು ನಿರಪೇಕ್ಷ ಶೂನ್ಯಕ್ಕಿಂತ ಒಂದು ಡಿಗ್ರಿಯ ಇಪ್ಪತ್ತನೆಯ ಒಂದು ಪಾಲಿನಷ್ಟೇ ಮೇಲಿನ ಉಷ್ಣತೆಯಲ್ಲಿಟ್ಟಿದ್ದರು. ಒಂದೊಂದು ಫೋಟಾನು ಬಿದ್ದಾಗ ಉಂಟಾಗುವ ಅತ್ಯಲ್ಪ ಕಾವನ್ನು ಅಳೆದು, ಸುಮಾರು 5 ಎಲೆಕ್ಟ್ರಾನ್ ವೋಲ್ಟಿನ ನಿಖರತೆಯಿಂದ ಅದು ಶಕ್ತಿಯನ್ನು ತಿಳಿಸುತ್ತಿತ್ತು. ಮಾರ್ಚ್ 26ರಂದು ಉಪಗ್ರಹದ ಸಂಪರ್ಕ ಕಡಿದುಹೋಯಿತು. ಅಷ್ಟರಲ್ಲಿ ಅದು ಪರ್ಸಿಯಸ್ ಗುಚ್ಛವನ್ನು ನೋಡಿಯಾಗಿತ್ತು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಪರ್ಸಿಯಸ್‌ನಲ್ಲಿ ಹಿಂದೆ ವರದಿಯಾಗಿದ್ದ ಪ್ರಬಲವಾದ ರೇಖೆ ಅಲ್ಲಿರಲಿಲ್ಲ. ಆದರೆ 73 ಗುಚ್ಛಗಳ ಮೊತ್ತದಲ್ಲಿ ಕಂಡ ಕ್ಷೀಣತರ ರೇಖೆಯನ್ನು ಅಲ್ಲಗಳೆಯುವಷ್ಟು ಕಾಲ ಹಿಟೊಮಿಗೆ ದೊರೆತಿರಲಿಲ್ಲ.

ಇಡೀ ಆಕಾಶದ ಸಾಕ್ಷ್ಯ

ಇಲ್ಲಿಯವರೆಗೆ ದೂರದ ವಸ್ತುಗಳನ್ನೇ ನೋಡಿದೆವು. ಆದರೆ ಕಪ್ಪು ದ್ರವ್ಯ ದೂರದಲ್ಲಿ ಮಾತ್ರ ಇರುವುದಲ್ಲ. ಆಕಾಶಗಂಗೆಯ ಕಪ್ಪು ದ್ರವ್ಯವು ದೊಡ್ಡ ಗೋಳದಂತೆ ನಮ್ಮನ್ನು ಸುತ್ತುವರಿದಿದೆ. ದೂರದರ್ಶಕವು ಯಾವ ನಕ್ಷತ್ರವನ್ನೇ ನೋಡಲಿ, ಯಾವ ಗ್ಯಾಲಕ್ಸಿಯನ್ನೇ ನೋಡಲಿ, ಈ ಗೋಳದ ಮೂಲಕವೇ ನೋಡಬೇಕು. ಆದುದರಿಂದ ರೇಖೆಯು ನಿಜವಾದರೆ, ಬೇರೆ ಯಾವುದೋ ಉದ್ದೇಶಕ್ಕಾಗಿ ತೆಗೆದ ಪ್ರತಿಯೊಂದು ವೀಕ್ಷಣೆಯಲ್ಲೂ ಅದು ಸ್ವಲ್ಪಸ್ವಲ್ಪವಾಗಿ ಅಡಗಿರಬೇಕು.

ಈ ಯುಕ್ತಿಯನ್ನು ಹಿಡಿದು ಡೆಸರ್ಟ್, ರಾಡ್ ಮತ್ತು ಸಫ್ದಿ ಅವರು ಎಕ್ಸ್‌ಎಂಎಂ-ನ್ಯೂಟನ್ನಿನ ಹಳೆಯ ವೀಕ್ಷಣೆಗಳನ್ನು ಶೋಧಿಸಿದರು. ಪ್ರಕಾಶಮಾನವಾದ ಆಕರಗಳನ್ನು ಮರೆಮಾಡಿ, ಉಳಿದ ಬರಿಯ ಆಕಾಶವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರು. ಕೂಡಿದ ವೀಕ್ಷಣೆಯ ಅವಧಿ ಮೂರು ಕೋಟಿ ಸೆಕೆಂಡು, ಎಂದರೆ ಹೆಚ್ಚುಕಡಮೆ ಒಂದು ವರ್ಷ. 2020ರಲ್ಲಿ ಪ್ರಕಟವಾದ ಅವರ ಉತ್ತರ: ರೇಖೆಯಿಲ್ಲ. ಹಿನ್ನೆಲೆಯನ್ನು ಲೆಕ್ಕಹಾಕಿದ ರೀತಿ ಸರಿಯಲ್ಲವೆಂದು ಬಯಾರ್ಸ್ಕಿ ಮೊದಲಾದವರು ಆಕ್ಷೇಪಿಸಿದರು. ಹಿನ್ನೆಲೆಯ ಗೆರೆಯನ್ನು ಕೊಂಚ ಮೇಲೆ ಎಳೆದರೆ ಉಬ್ಬು ಮಾಯವಾಗುತ್ತದೆ, ಕೊಂಚ ಕೆಳಗೆ ಎಳೆದರೆ ಮೂಡುತ್ತದೆ. ನೂರರಲ್ಲೊಂದು ಪಾಲಿನ ರೇಖೆಯ ವಿಷಯದಲ್ಲಿ ಎಲ್ಲ ವಿವಾದಗಳ ಬೇರು ಇದೇ. 2024ರಲ್ಲಿ ಪ್ರಕಟವಾದ ಇನ್ನೊಂದು ಮರುವಿಶ್ಲೇಷಣೆಯು, ಮೊದಲಿನ ವೀಕ್ಷಣೆಗಳಲ್ಲೇ ಬಹುಪಾಲಿನಲ್ಲಿ ರೇಖೆಯ ಪುರಾವೆ ಗಟ್ಟಿಯಾಗಿಲ್ಲವೆಂದು ತೀರ್ಮಾನಿಸಿತು.

ಸಮೀಕ್ಷೆಗಳ ಮಹತ್ವ ಇಲ್ಲಿಯೇ ಇದೆ. 2019ರ ಜುಲೈ 13ರಂದು ಬೈಕನೂರಿನಿಂದ ಹಾರಿದ ರಷ್ಯದ ನೌಕೆಯಲ್ಲಿ ಜರ್ಮನಿಯ ಇ-ರೊಸೀಟಾ ಎಂಬ ದೂರದರ್ಶಕವಿತ್ತು. ಅದರಲ್ಲಿ ಏಳು ನಳಿಗೆಗಳು; ಪ್ರತಿಯೊಂದರಲ್ಲೂ ಚಿನ್ನ ಲೇಪಿಸಿದ 54 ಕನ್ನಡಿಗಳು. ಭೂಮಿಯಿಂದ 15 ಲಕ್ಷ ಕಿಲೋಮೀಟರು ದೂರದಲ್ಲಿ ನಾಲ್ಕು ಗಂಟೆಗೊಮ್ಮೆ ಸುತ್ತು ತಿರುಗುತ್ತ, ಆರು ತಿಂಗಳಿಗೊಮ್ಮೆ ಅದು ಇಡೀ ಆಕಾಶವನ್ನು ನೋಡಿ ಮುಗಿಸುತ್ತಿತ್ತು. 2022ರ ಫೆಬ್ರುವರಿ 26ರಂದು, ಯುಕ್ರೇನಿನ ಯುದ್ಧದ ಕಾರಣದಿಂದ ಅದರ ಕೆಲಸವನ್ನು ನಿಲ್ಲಿಸಲಾಯಿತು. ಅಷ್ಟರಲ್ಲಿ ನಾಲ್ಕು ಸಮೀಕ್ಷೆಗಳು ಪೂರ್ಣವಾಗಿದ್ದುವು. ಮೊದಲನೆಯ ಸಮೀಕ್ಷೆಯ ಅರ್ಧ ಆಕಾಶದ ದತ್ತಾಂಶಗಳನ್ನು 2024ರ ಜನವರಿ 31ರಂದು ಪ್ರಕಟಿಸಿದರು. ಅದರಲ್ಲಿರುವ ಕ್ಷ-ಕಿರಣ ಆಕರಗಳ ಸಂಖ್ಯೆ ಸುಮಾರು ಒಂಬತ್ತು ಲಕ್ಷ.

ಇಂತಹ ಸಮೀಕ್ಷೆಯು ಯಾವುದೊಂದು ಸ್ಥಳವನ್ನೂ ದೀರ್ಘವಾಗಿ ನೋಡುವುದಿಲ್ಲ. ಕನ್ನಡಿಯ ಚಿನ್ನದ ಗುಣದಿಂದಾಗಿ 2.3 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಮೇಲೆ ಅದರ ಸಾಮರ್ಥ್ಯವೂ ಕುಗ್ಗುತ್ತದೆ. ಆದರೆ ಕಪ್ಪು ದ್ರವ್ಯ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂಬ ಹಂಚಿಕೆಯನ್ನು ಪರೀಕ್ಷಿಸಲು ಅದಕ್ಕೆ ಸಮನಾದ ಸಾಧನವಿಲ್ಲ. ಸೂರ್ಯನು ಆಕಾಶಗಂಗೆಯ ಕೇಂದ್ರದಿಂದ ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿದ್ದಾನೆ. ಕೇಂದ್ರದತ್ತ ನೋಡಿದಾಗ ಕಪ್ಪು ದ್ರವ್ಯದ ದಟ್ಟವಾದ ಭಾಗ ಅಡ್ಡ ಬರುತ್ತದೆ. ವಿರುದ್ಧ ದಿಕ್ಕಿನಲ್ಲಿ ವಿರಳವಾದ ಭಾಗ. ಆದುದರಿಂದ ನಿಜವಾದ ರೇಖೆಯ ತೀವ್ರತೆ ಕೇಂದ್ರದ ಸುತ್ತ ಗರಿಷ್ಠವಾಗಿದ್ದು ಎಲ್ಲ ಕಡೆಗೂ ಸಮವಾಗಿ, ನಿಧಾನವಾಗಿ ಇಳಿಯಬೇಕು. ಉಪಕರಣದ ರೇಖೆ ಯಾವ ದಿಕ್ಕಿನಲ್ಲಾದರೂ ಒಂದೇ ಸಮನಾಗಿರುತ್ತದೆ. ಬಿಸಿ ಅನಿಲದ ರೇಖೆ ಮೋಡಗಳಂತೆ ತೇಪೆತೇಪೆಯಾಗಿ ಹರಡಿರುತ್ತದೆ. ಮೂರರ ನಕ್ಷೆಗಳೂ ಬೇರೆ ಬೇರೆ. ಇ-ರೊಸೀಟಾ ಮೊದಲಿಗೆ ಪರೀಕ್ಷಾರ್ಥವಾಗಿ ನೋಡಿದ 140 ಚದರ ಡಿಗ್ರಿಗಳ ಆಕಾಶದಲ್ಲಿ ಸಂಶೋಧಕರು ಇಂತಹ ರೇಖೆಗಳಿಗಾಗಿ ಹುಡುಕಿದ್ದಾರೆ. ಕಪ್ಪು ದ್ರವ್ಯದ ಗುರುತು ಸಿಕ್ಕಿಲ್ಲ. ಇಡೀ ಆಕಾಶದ ವಿಸ್ತಾರ ಸುಮಾರು 41,253 ಚದರ ಡಿಗ್ರಿ ಎಂಬುದನ್ನು ನೆನೆದರೆ, ಆ ಪರೀಕ್ಷೆ ಎಷ್ಟು ಸಣ್ಣ ಭಾಗದ್ದೆಂಬುದು ತಿಳಿಯುತ್ತದೆ.

ಇನ್ನೊಂದು ಪರೀಕ್ಷೆಯೂ ಸಾಧ್ಯ. ಸೂರ್ಯನು ಆಕಾಶಗಂಗೆಯಲ್ಲಿ ಸೆಕೆಂಡಿಗೆ ಸುಮಾರು 220 ಕಿಲೋಮೀಟರು ವೇಗದಿಂದ ಸಾಗುತ್ತಿದ್ದಾನೆ; ಕಪ್ಪು ದ್ರವ್ಯದ ಗೋಳ ಒಟ್ಟಾರೆಯಾಗಿ ಹಾಗೆ ತಿರುಗುತ್ತಿಲ್ಲ. ಡಾಪ್ಲರ್ ಪರಿಣಾಮದಿಂದ, ನಾವು ಸಾಗುವ ದಿಕ್ಕಿನಲ್ಲಿ ರೇಖೆಯ ಶಕ್ತಿ ಕೊಂಚ ಹೆಚ್ಚಾಗಿಯೂ ಹಿಂದಿನ ದಿಕ್ಕಿನಲ್ಲಿ ಕೊಂಚ ಕಡಿಮೆಯಾಗಿಯೂ ಕಾಣಬೇಕು. 3.5 ಕಿಲೋ ಎಲೆಕ್ಟ್ರಾನ್ ವೋಲ್ಟಿನ ರೇಖೆಗೆ ಈ ವ್ಯತ್ಯಾಸ ಹೆಚ್ಚೆಂದರೆ 2.6 ಎಲೆಕ್ಟ್ರಾನ್ ವೋಲ್ಟ್. 2023ರ ಸೆಪ್ಟೆಂಬರಿನಲ್ಲಿ ಹಾರಿದ ಜಪಾನಿನ ಕ್ರಿಸ್ಮ್ ಉಪಗ್ರಹದಲ್ಲಿ ಹಿಟೊಮಿಯ ಬಗೆಯ ಸಂವೇದಕವಿದ್ದು, ಇಷ್ಟು ನವಿರಾದ ಅಳತೆಗೆ ಅದು ಹೊಂದುತ್ತದೆ. ಅದು ನೋಡಿದ ಹತ್ತು ಗ್ಯಾಲಕ್ಸಿ ಗುಚ್ಛಗಳ ರೋಹಿತಗಳನ್ನು ಕೂಡಿಸಿ 2025ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲೂ 3.5ರ ಬಳಿ ಅಪರಿಚಿತ ರೇಖೆ ಕಂಡುಬಂದಿಲ್ಲ.

ಇಲ್ಲವೆಂಬ ಉತ್ತರದ ಬೆಲೆ

2014ರ ರೇಖೆ ಹೀಲಿಯಮ್ಮಿನ ದಾರಿಯನ್ನು ಹಿಡಿಯಲಿಲ್ಲ. ಪರೀಕ್ಷೆ ಬಿಗಿಯಾದಷ್ಟೂ ಅದು ಮಸುಕಾಗುತ್ತ ಬಂದಿದೆ. ಹಾಗಾದರೆ ಈ ಶ್ರಮವೆಲ್ಲ ವ್ಯರ್ಥವಾಯಿತೇ? ಹಾಗೆ ಭಾವಿಸುವುದು ತಪ್ಪು. ರೇಖೆ ಕಾಣದಿದ್ದಾಗ, ‘ಇಷ್ಟು ದ್ರವ್ಯರಾಶಿಯ ಕಣವಿದ್ದರೆ ಅದರ ಆಯುಸ್ಸು ಇಷ್ಟಕ್ಕಿಂತ ಹೆಚ್ಚಾಗಿರಲೇಬೇಕು’ ಎಂದು ಹೇಳಬಹುದು. ನಾವು ಮೇಲೆ ಮಾಡಿದ ಲೆಕ್ಕವನ್ನೇ ಹಿಂದುಮುಂದಾಗಿ ಮಾಡಿದರೆ ಈ ಮಿತಿ ದೊರೆಯುತ್ತದೆ: ದಿನಕ್ಕೆ 580 ಫೋಟಾನುಗಳ ಬದಲು 58ನ್ನೂ ಕಾಣದಿದ್ದರೆ ಆಯುಸ್ಸು ಹತ್ತು ಪಟ್ಟಿಗಿಂತ ಹೆಚ್ಚು. ಹೀಗೆ ಒಂದೊಂದು ಸಮೀಕ್ಷೆಯೂ ಸಾಧ್ಯತೆಗಳ ನಕ್ಷೆಯಲ್ಲಿ ಒಂದೊಂದು ಪ್ರದೇಶವನ್ನು ಅಳಿಸುತ್ತ ಹೋಗುತ್ತದೆ. ಮುಂದಿನವರು ಅಲ್ಲಿ ಮತ್ತೆ ಅಲೆಯಬೇಕಾದುದಿಲ್ಲ.

ವಿದ್ಯಾರ್ಥಿಗಳು ಇದರಲ್ಲಿ ಗಮನಿಸಬೇಕಾದ ತತ್ತ್ವವೊಂದಿದೆ. ರೋಹಿತದಲ್ಲಿ ಒಂದು ರೇಖೆ ಇದೆಯೆಂಬುದಷ್ಟೇ ಶೋಧವಾಗುವುದಿಲ್ಲ. ಅದು ಇರಬೇಕಾದಲ್ಲಿ ಇರಬೇಕು, ಇರಬಾರದಲ್ಲಿ ಇರಬಾರದು, ಬೇರೊಂದು ಉಪಕರಣಕ್ಕೂ ಬೇರೊಬ್ಬರ ಲೆಕ್ಕಕ್ಕೂ ಅಷ್ಟೇ ಪ್ರಮಾಣದಲ್ಲಿ ದೊರೆಯಬೇಕು. ಹೀಲಿಯಮ್ಮಿಗೂ ಸೂರ್ಯನ ಬೆಳಕಿನಿಂದ ಭೂಮಿಯ ಖನಿಜದವರೆಗೆ ಬರಲು ಇಪ್ಪತ್ತೇಳು ವರ್ಷಗಳು ಬೇಕಾದುವು. ಕಪ್ಪು ದ್ರವ್ಯ ಯಾವುದೆಂಬುದು ಇನ್ನೂ ತಿಳಿಯದು. ಅದು ಕ್ಷ-ಕಿರಣವನ್ನು ಸೂಸುವ ಕಣವೇ ಆಗಿದ್ದರೆ, ಅದರ ರೇಖೆ ಇಡೀ ಆಕಾಶದಲ್ಲಿ ತಾನಿರುವ ಕಡೆಯೆಲ್ಲ ಸಾಕ್ಷ್ಯ ನುಡಿಯಬೇಕು. ಆ ಸಾಕ್ಷ್ಯವನ್ನು ಕೇಳುವ ಸಾಧನಗಳು ಈಗ ಸಿದ್ಧವಾಗಿವೆ.

ಅಭ್ಯಾಸಕ್ಕೆ

1. ಫೋಟಾನಿನ ಶಕ್ತಿಯನ್ನು ಕಿಲೋ ಎಲೆಕ್ಟ್ರಾನ್ ವೋಲ್ಟುಗಳಲ್ಲಿ ಪಡೆಯಲು 12.4ನ್ನು ಆಂಗ್‌ಸ್ಟ್ರಾಮುಗಳಲ್ಲಿ ಅಳೆದ ತರಂಗಾಂತರದಿಂದ ಭಾಗಿಸಬೇಕು. 3.5 ಕಿಲೋ ಎಲೆಕ್ಟ್ರಾನ್ ವೋಲ್ಟಿನ ರೇಖೆಯ ತರಂಗಾಂತರವೆಷ್ಟು? 5,900 ಆಂಗ್‌ಸ್ಟ್ರಾಮಿನ ಹಳದಿ ಬೆಳಕಿನ ಫೋಟಾನಿಗಿಂತ ಅದರ ಶಕ್ತಿ ಎಷ್ಟು ಪಟ್ಟು ಹೆಚ್ಚು?

2. ಒಂದು ಗ್ಯಾಲಕ್ಸಿ ಗುಚ್ಛದಿಂದ ಬರುವ ಎಲ್ಲ ತರಂಗಾಂತರಗಳೂ ಶೇಕಡಾ 10ರಷ್ಟು ಹಿಗ್ಗಿವೆ. ಅಲ್ಲಿ 3.5ರಲ್ಲಿ ಹುಟ್ಟಿದ ರೇಖೆ ನಮಗೆ ಯಾವ ಶಕ್ತಿಯಲ್ಲಿ ಕಾಣುತ್ತದೆ?

3. ಕಣದ ದ್ರವ್ಯರಾಶಿ 14.2 ಕಿಲೋ ಎಲೆಕ್ಟ್ರಾನ್ ವೋಲ್ಟ್ ಆಗಿದ್ದು, ಆಯುಸ್ಸು ಮೊದಲಿನಷ್ಟೇ ಇದ್ದರೆ, ಆಂಡ್ರೊಮೀಡದಿಂದ ದಿನಕ್ಕೆ ಎಷ್ಟು ಫೋಟಾನುಗಳನ್ನು ನಿರೀಕ್ಷಿಸಬಹುದು? ಸಂಗ್ರಾಹಕ ವಿಸ್ತೀರ್ಣ ಬದಲಾಗುವುದಿಲ್ಲವೆಂದು ಭಾವಿಸಿರಿ.